ರಿಚ್ ಓಡುವ ಎಂಜಿನ್: ಪ್ಲಗ್ ನೋಡಬೇಕೋ, ಸ್ಕ್ಯಾನರ್ ಹಾಕಬೇಕೋ, ಗೇಜ್ ಕಟ್ಟಬೇಕೋ?

ಸೈಲೆನ್ಸರ್ ಬಾಯಿ ಕಪ್ಪಾಗಿದೆ, ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತದೆ, ಮೈಲೇಜ್ ಬಿದ್ದಿದೆ. ಎಂಜಿನ್ ರಿಚ್ ಓಡುತ್ತಿದೆ, ಅಂದರೆ ಗಾಳಿಯ ಲೆಕ್ಕಕ್ಕಿಂತ ಹೆಚ್ಚು ಪೆಟ್ರೋಲ್ ಹೋಗುತ್ತಿದೆ ಎನ್ನಲು ಇಷ್ಟು ಸಾಕು, ಯಾಕೆ ಎಂದು ತಿಳಿಯಲು ಸಾಲದು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆ ಲೆಕ್ಕ ಎಲ್ಲಿ ತಪ್ಪಿತು ಎಂದು ಹುಡುಕಲು ನಾಲ್ಕು ದಾರಿಗಳಿವೆ. ಇಲ್ಲಿ ಹೇಳುವುದೆಲ್ಲ ಇಂಜೆಕ್ಷನ್ ಇರುವ ಪೆಟ್ರೋಲ್ ಎಂಜಿನ್‌ಗಳ ಮಾತು.

ಖರ್ಚಿಲ್ಲದ ದಾರಿ ಪ್ಲಗ್. ಎಂಜಿನ್ ತಣ್ಣಗಿರುವಾಗಲೇ ಬಿಚ್ಚಿ. ಬಿಸಿ ಅಲ್ಯೂಮಿನಿಯಂ ಹೆಡ್‌ನಿಂದ ಬಿಚ್ಚಲು ಹೋದರೆ ಥ್ರೆಡ್ ಕಿತ್ತು ಬರುತ್ತದೆ. ತುದಿಯ ಪಿಂಗಾಣಿಯ ಮೇಲೆ ಮಖಮಲ್ಲಿನಂತೆ ಒಣ ಮಸಿ ಕೂತು, ಬೆರಳಿಟ್ಟರೆ ಅಂಟಿಕೊಂಡು ಬಂದರೆ ಅದು ಹೆಚ್ಚಿನ ಪೆಟ್ರೋಲ್. ಜಿಡ್ಡಾಗಿ ಹೊಳೆದರೆ ಆಯಿಲ್, ಅದರ ಕಥೆಯೇ ಬೇರೆ. ನಾಲ್ಕೂ ಪ್ಲಗ್ ಒಂದೇ ಸಮ ಕಪ್ಪಾಗಿದ್ದರೆ ಸೆನ್ಸರ್ ಅಥವಾ ಪೆಟ್ರೋಲ್ ಪ್ರೆಶರ್ ಕಡೆ ಹೋಗಿ. ಒಂದೇ ಕಪ್ಪಾಗಿದ್ದರೆ ಆ ಸಿಲಿಂಡರ್‌ನ ಇಂಜೆಕ್ಟರ್ ಸೋರುತ್ತಿರಬಹುದು. ಈ ಒಂದು ಭೇದವನ್ನು ಪ್ಲಗ್‌ನಷ್ಟು ಸಲೀಸಾಗಿ ಬೇರೆ ಯಾವುದೂ ತೋರಿಸುವುದಿಲ್ಲ. ದಿನಾ ಎರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯ ಪ್ಲಗ್ ಮಾತ್ರ ಎಂಜಿನ್ ಸರಿಯಿದ್ದರೂ ಕಪ್ಪಾಗಿರುತ್ತದೆ. ಅರ್ಧ ಗಂಟೆ ಓಡಿಸಿ, ಐಡ್ಲಿಂಗ್‌ನಲ್ಲಿ ಬಿಡದೆ ಆಫ್ ಮಾಡಿ, ತಣಿದ ಮೇಲೆ ನೋಡಿ.

ಸ್ಕ್ಯಾನರ್‌ನಲ್ಲಿ ಜನ ಕೋಡ್ ಓದಿ ನಿಲ್ಲಿಸುತ್ತಾರೆ. ಪಿ0172 ಎಂದರೆ ಮೊದಲ ಬ್ಯಾಂಕ್ (ಸಿಲಿಂಡರ್‌ಗಳ ಸಾಲು) ರಿಚ್, ಪಿ0175 ಎಂದರೆ ಎರಡನೆಯದು. ಗೊತ್ತಿದ್ದದ್ದನ್ನೇ ಅದು ಮತ್ತೆ ಹೇಳಿತು, ಅಷ್ಟೇ. ಸ್ಕ್ಯಾನರ್‌ನ ಬೆಲೆ ಇರುವುದು ಲೈವ್ ಡೇಟಾದಲ್ಲಿ, ಅದರಲ್ಲೂ ಫ್ಯೂಯೆಲ್ ಟ್ರಿಮ್‌ನಲ್ಲಿ, ಅಂದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸುತ್ತಿದೆ ಅಥವಾ ಕಡಿತ ಮಾಡುತ್ತಿದೆ ಎಂಬ ಅಂಕಿಯಲ್ಲಿ. ಕೂಲೆಂಟ್ 80 ಡಿಗ್ರಿ ದಾಟಿ, ಎಂಜಿನ್ ಕ್ಲೋಸ್ಡ್ ಲೂಪ್‌ಗೆ (ಆಕ್ಸಿಜನ್ ಸೆನ್ಸರ್ ನೋಡಿ ಪೆಟ್ರೋಲ್ ಹೊಂದಿಸುವ ಸ್ಥಿತಿಗೆ) ಬಂದ ಮೇಲೆ ಶಾರ್ಟ್ ಟರ್ಮ್ (ಈ ಕ್ಷಣದ), ಲಾಂಗ್ ಟರ್ಮ್ (ಕಲಿತು ಉಳಿಸಿಕೊಂಡ) ಟ್ರಿಮ್ ಎರಡನ್ನೂ ಕೂಡಿಸಿ. ಮೈನಸ್ 12, ಮೈನಸ್ 6 ಇದ್ದರೆ ಒಟ್ಟು ಮೈನಸ್ 18: ಇಸಿಯು ಅಷ್ಟು ಶೇಕಡಾ ಪೆಟ್ರೋಲ್ ಕಡಿತ ಮಾಡುತ್ತಿದೆ. ಐದರ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಈ ಮೊತ್ತವನ್ನು ಐಡ್ಲಿಂಗ್‌ನಲ್ಲೊಮ್ಮೆ, 2500 ಆರ್‌ಪಿಎಂನಲ್ಲೊಮ್ಮೆ ಬರೆದುಕೊಳ್ಳಿ. ಐಡ್ಲಿಂಗ್‌ನಲ್ಲಿ ಮೈನಸ್ 22 ಇದ್ದದ್ದು ಮೇಲೆ ಮೈನಸ್ 4ಕ್ಕೆ ಬಂದರೆ ಎಲ್ಲೋ ಸ್ವಲ್ಪ ಪೆಟ್ರೋಲ್ ಸದಾ ಒಳಗೆ ಹೋಗುತ್ತಿದೆ. ಗಾಳಿ ಕಡಿಮೆ ಇರುವಾಗ ಆ ಸ್ವಲ್ಪವೇ ದೊಡ್ಡ ಪಾಲು, ಗಾಳಿ ಹೆಚ್ಚಾದಾಗ ಲೆಕ್ಕಕ್ಕಿಲ್ಲ. ಸೋರುವ ಇಂಜೆಕ್ಟರ್, ಪೆಟ್ರೋಲ್ ಒತ್ತಡ ಹಿಡಿದಿಡುವ ರೆಗ್ಯುಲೇಟರ್‌ನ ಹರಿದ ಡಯಾಫ್ರಂ, ತೆರೆದೇ ಉಳಿದ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ವಾಲ್ವ್) ಹೀಗೆ ಕಾಣುತ್ತವೆ. ಪರ್ಜ್ ಹೋಸ್ ಬಿಚ್ಚಿ ಮ್ಯಾನಿಫೋಲ್ಡ್ ಕಡೆಯ ಬಾಯಿ ಮುಚ್ಚಿದಾಗ ಟ್ರಿಮ್ ಸೊನ್ನೆ ಕಡೆ ಓಡಿದರೆ ಕಳ್ಳ ಸಿಕ್ಕ ಹಾಗೆ. ಎರಡೂ ಕಡೆ ಮೈನಸ್ 15ರ ಆಸುಪಾಸಿನಲ್ಲಿದ್ದರೆ ಪ್ರೆಶರ್ ಹೆಚ್ಚಾಗಿದೆ, ಇಲ್ಲವೇ ಏರ್‌ಫ್ಲೋ ಅಥವಾ ಮ್ಯಾಪ್ (ಮ್ಯಾನಿಫೋಲ್ಡ್ ಒತ್ತಡ ಅಳೆಯುವ) ಸೆನ್ಸರ್ ಇಲ್ಲದ ಗಾಳಿಯನ್ನು ಇದೆ ಎನ್ನುತ್ತಿದೆ.

ಕೂಲೆಂಟ್ ಸೆನ್ಸರ್ ಪರೀಕ್ಷೆಗೆ ಸ್ಕ್ಯಾನರ್‌ನಷ್ಟು ಸುಲಭದ ಸಾಧನ ಇನ್ನೊಂದಿಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೀ ಮಾತ್ರ ಆನ್ ಮಾಡಿ. ಕೂಲೆಂಟ್ ತಾಪವೂ ಒಳಬರುವ ಗಾಳಿಯ ತಾಪವೂ ಹೆಚ್ಚುಕಡಿಮೆ ಒಂದೇ ಇರಬೇಕು. ಗಾಳಿ 24 ಡಿಗ್ರಿ, ಕೂಲೆಂಟ್ ಮೈನಸ್ 40 ಎಂದು ತೋರಿಸಿದರೆ ಸೆನ್ಸರ್ ಅಥವಾ ಅದರ ವೈರ್ ಕಡಿದಿದೆ. ಎಂಜಿನ್ ಹಿಮದಲ್ಲಿದೆ ಎಂದುಕೊಂಡು ಇಸಿಯು ಪೆಟ್ರೋಲ್ ಸುರಿಯುತ್ತದೆ. ಇಷ್ಟನ್ನೆಲ್ಲ ಬರೆದುಕೊಳ್ಳುವ ಮೊದಲು ಕೋಡ್ ಅಳಿಸಬೇಡಿ, ಬ್ಯಾಟರಿಯನ್ನೂ ಬಿಚ್ಚಬೇಡಿ. ಕಲಿತ ಟ್ರಿಮ್ ಅಳಿಸಿಹೋಗುತ್ತದೆ.

ಸ್ಕ್ಯಾನರ್ ಪ್ರೆಶರ್ ಕಡೆ ಬೆರಳು ತೋರಿಸಿದರೆ ಮಾತ್ರ ಪೆಟ್ರೋಲ್ ಒತ್ತಡ ಅಳೆಯುವ ಗೇಜ್. ಪಂಪ್ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟೆ ಸುತ್ತಿ ಗೇಜ್ ಜೋಡಿಸಿ. ರಿಟರ್ನ್ ಲೈನ್ ಇರುವ ಎಷ್ಟೋ ಎಂಜಿನ್‌ಗಳಲ್ಲಿ ಐಡ್ಲಿಂಗ್‌ಗೆ 2.5 ಬಾರ್ ಆಸುಪಾಸು, ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸ್ ಎಳೆದರೆ ಸುಮಾರು 3 ಬಾರ್. ನಿಮ್ಮ ಎಂಜಿನ್‌ನ ಅಂಕಿ ಮ್ಯಾನುಯಲ್‌ನಲ್ಲಿ ನೋಡಿ. 3 ಇರಬೇಕಾದಲ್ಲಿ 4 ಬಾರ್ ಇದ್ದರೆ ಇಂಜೆಕ್ಟರ್ ಸುಮಾರು ಶೇಕಡಾ 15 ಹೆಚ್ಚು ಬಿಡುತ್ತದೆ. ಎಳೆದ ಹೋಸ್‌ನ ಬಾಯಲ್ಲಿ ಒಂದು ಹನಿ ಪೆಟ್ರೋಲ್ ಕಂಡರೂ ಡಯಾಫ್ರಂ ಹರಿದಿದೆ. ಗೇಜ್ ಏನು ಹೇಳಿದರೂ ರೆಗ್ಯುಲೇಟರ್ ಬದಲಿಸಿ. ಡೈರೆಕ್ಟ್ ಇಂಜೆಕ್ಷನ್‌ನ ಹೈ ಪ್ರೆಶರ್ ಲೈನ್‌ಗೆ ಈ ಗೇಜ್ ಕಟ್ಟಲೇಬೇಡಿ. ಅಲ್ಲಿ 50 ಬಾರ್‌ಗೂ ಮೇಲಿನ ಒತ್ತಡ ಇರುತ್ತದೆ, ಚರ್ಮ ಸೀಳುತ್ತದೆ.

ನಾಲ್ಕನೆಯದು, ಸೈಲೆನ್ಸರ್ ಹೊಗೆ ಅಳೆಯುವ ಗ್ಯಾಸ್ ಅನಲೈಸರ್, ಮನೆಯ ಸಾಧನವಲ್ಲ. ಕಾರ್ಬನ್ ಮೊನಾಕ್ಸೈಡ್ ಶೇಕಡಾ 2–3ಕ್ಕೆ ಏರಿ ಆಕ್ಸಿಜನ್ ಸೊನ್ನೆಯ ಹತ್ತಿರ ಇದ್ದರೆ ರಿಚ್. ಹೈಡ್ರೋಕಾರ್ಬನ್ ಮತ್ತು ಆಕ್ಸಿಜನ್ ಎರಡೂ ಏರಿದ್ದರೆ ಮಿಸ್‌ಫೈರ್, ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗಿದ್ದರೆ ಇದರಲ್ಲಿ ಎಷ್ಟನ್ನೋ ಸುಟ್ಟು ಮರೆಮಾಡುತ್ತದೆ. ಆಗ ಅನಲೈಸರ್ ಲೆಕ್ಕ ಹಾಕಿ ಕೊಡುವ ಲ್ಯಾಂಬ್ಡಾ (ಗಾಳಿ–ಪೆಟ್ರೋಲ್ ಅನುಪಾತದ ಅಂಕಿ; 1ಕ್ಕಿಂತ ಕಡಿಮೆ ಎಂದರೆ ರಿಚ್) ನೋಡಿ, ಕನ್ವರ್ಟರ್ ಅದನ್ನು ಬದಲಿಸಲಾರದು. ರಿಪೇರಿ ಸರಿಹೋಯಿತೇ ಎಂದು ಖಚಿತಪಡಿಸಲು ಇದು ಒಳ್ಳೆಯದು, ಕಾರಣ ಹುಡುಕಲು ಅಷ್ಟಕ್ಕಷ್ಟೆ.

ಹಾಗಾದರೆ ಮೊದಲು ಸ್ಕ್ಯಾನರ್ ಎಂದು ಮುಗಿಸಬಹುದಿತ್ತು, ಒಂದು ಸಂದರ್ಭ ಇಲ್ಲದಿದ್ದರೆ: ಪ್ಲಗ್ ಮಸಿ ಹಿಡಿದಿದೆ, ಟ್ರಿಮ್ ಮಾತ್ರ ಪ್ಲಸ್ 15. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬಿಟ್ಟಿದ್ದರೆ ಹೊರಗಿನ ಗಾಳಿ ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆಯೇ ಒಳಸೇರುತ್ತದೆ. ಸೆನ್ಸರ್ ಲೀನ್ (ಪೆಟ್ರೋಲ್ ಕಡಿಮೆ) ಎನ್ನುತ್ತದೆ, ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ, ಸಿಲಿಂಡರ್ ನಿಜಕ್ಕೂ ರಿಚ್ ಆಗುತ್ತದೆ. ಸ್ಕ್ಯಾನರ್ ತೋರಿಸುವುದು ಇಸಿಯು ನಂಬಿಕೊಂಡಿದ್ದನ್ನು. ಹಿಂದಿನ ಪೈಪಿಗೂ ಅದೇ ಗಾಳಿ ಬೆರೆತ ಹೊಗೆ ಬರುವುದರಿಂದ ಅನಲೈಸರ್‌ನ ಲ್ಯಾಂಬ್ಡಾ ಕೂಡ ಮೋಸ ಹೋಗುತ್ತದೆ. ಇಲ್ಲಿ ಪ್ಲಗ್ಗೇ ಸಾಕ್ಷಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಮ್ಯಾನಿಫೋಲ್ಡ್ ಹತ್ತಿರ ಟಿಕ್ ಟಿಕ್ ಸದ್ದು ಕೇಳಿ, ಗ್ಯಾಸ್ಕೆಟ್ ಅಂಚಿನಲ್ಲಿ ಮಸಿಯ ಗೆರೆ ಹುಡುಕಿ. ಮಿಸ್‌ಫೈರ್ ಕೂಡ ಇದೇ ಆಟ ಆಡುತ್ತದೆ: ಸಾಯುತ್ತಿರುವ ಸಿಲಿಂಡರ್‌ನ ಪ್ಲಗ್ ಪೆಟ್ರೋಲಿನಲ್ಲಿ ಒದ್ದೆ, ಉಳಿದವು ಕಪ್ಪು. ಆಗ ಸೆನ್ಸರ್ ಬದಲಿಸುವುದು ಬಿಟ್ಟು ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ನೋಡಿ.

ಕಾರಣ ಯಾವುದೇ ಇರಲಿ, ಡಿಪ್‌ಸ್ಟಿಕ್ ಎಳೆದು ಮೂಸಿ. ಆಯಿಲ್ ಪೆಟ್ರೋಲ್ ವಾಸನೆ ಹೊಡೆದರೆ ರಿಪೇರಿಯ ಜೊತೆಗೆ ಆಯಿಲ್ಲೂ ಬದಲಾಗಬೇಕು. ಇಲ್ಲದಿದ್ದರೆ ಅದರ ಆವಿ ಪಿಸಿವಿ (ಕ್ರ್ಯಾಂಕ್‌ಕೇಸ್‌ನ ಆವಿಯನ್ನು ಎಂಜಿನ್‌ಗೆ ಮರಳಿಸುವ ವಾಲ್ವ್) ಮೂಲಕ ಒಳಗೆ ಹೋಗಿ, ಹೊಸ ಭಾಗ ಹಾಕಿದ ಮೇಲೂ ಟ್ರಿಮ್ ಮೈನಸ್‌ನಲ್ಲೇ ಉಳಿಯುತ್ತದೆ.