ಕ್ರಿಸ್ಮಸ್ ಖರೀದಿ: ಪೇಟೆಯ ಅಂಗಡಿ, ಸಂತೆ, ದೊಡ್ಡ ಮಳಿಗೆ ಮತ್ತು ಆನ್‌ಲೈನ್

ಸಣ್ಣ ಪಟ್ಟಣದಲ್ಲಿ ಬದುಕುವವರಿಗೆ ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿ ಕೊಳ್ಳಲು ಸಾಮಾನ್ಯವಾಗಿ ನಾಲ್ಕು ದಾರಿಗಳಿರುತ್ತವೆ: ಪೇಟೆ ಬೀದಿಯ ಸಣ್ಣ ಅಂಗಡಿಗಳು, ಚರ್ಚ್ ಅಥವಾ ಶಾಲೆಯ ಅಂಗಳದಲ್ಲಿ ನೆರೆಯುವ ಕ್ರಿಸ್ಮಸ್ ಸಂತೆ, ಊರ ಹೊರಗಿನ ದೊಡ್ಡ ಮಳಿಗೆ ಮತ್ತು ಆನ್‌ಲೈನ್. ಅಲಂಕಾರದ ದೀಪ, ಪುಸ್ತಕ, ಉಣ್ಣೆಯ ಉಡುಪು, ಮಕ್ಕಳ ಆಟಿಕೆ, ದೂರದ ಬಂಧುಗಳಿಗೆ ಕಳಿಸುವ ಉಡುಗೊರೆ ಇವುಗಳನ್ನೆಲ್ಲ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಕಡೆ ಕೊಂಡು, ಬಳಸಿ, ಕೆಲವನ್ನು ಹಿಂದಿರುಗಿಸಿಯೂ ನೋಡಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಬೆಲೆಯೊಂದನ್ನೇ ಮುಂದಿಟ್ಟುಕೊಂಡು ಮಾಡುವ ಹೋಲಿಕೆಗಳಲ್ಲಿ ಕಾಣದ ಸಂಗತಿಯೊಂದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದೆ. ಎಲ್ಲಿ ಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರ ವಾರದಿಂದ ವಾರಕ್ಕೆ ಬದಲಾಗುತ್ತದೆ. ಡಿಸೆಂಬರ್ ಮೊದಲ ವಾರದಲ್ಲಿ ಸರಿಯಾದ ಆಯ್ಕೆ ಮೂರನೆಯ ವಾರದಲ್ಲಿ ತಪ್ಪಾಗಬಹುದು.

ಆದ್ದರಿಂದ ಮೊದಲು ಪಂಚಾಂಗವನ್ನು ನೋಡುವುದು ಒಳ್ಳೆಯದು. ಹಬ್ಬಕ್ಕೆ ಸಿದ್ಧರಾಗುವ ಅವಧಿಯಾದ ಕ್ರೈಸ್ತರ ಆಗಮನ ಕಾಲ (ಅಡ್ವೆಂಟ್) ಕ್ರಿಸ್ಮಸ್‌ಗೆ ಮುಂಚಿನ ನಾಲ್ಕನೆಯ ಭಾನುವಾರ ಆರಂಭವಾಗುತ್ತದೆ. ಆ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರವರೆಗೆ ಯಾವ ದಿನವಾದರೂ ಬೀಳಬಹುದು. ಹೀಗಾಗಿ ಈ ಅವಧಿ ಒಂದು ವರ್ಷ 28 ದಿನವಿದ್ದರೆ ಇನ್ನೊಂದು ವರ್ಷ 22 ದಿನಕ್ಕೆ ಇಳಿಯುತ್ತದೆ. 2022ರಲ್ಲಿ ಅದು ನವೆಂಬರ್ 27ರಂದೇ ಆರಂಭವಾಯಿತು, ಮರುವರ್ಷ ಡಿಸೆಂಬರ್ 3ರಂದು. ಸಣ್ಣ ಊರಿನಲ್ಲಿ ಸಂತೆ, ಗಾಯನ, ದೀಪ ಬೆಳಗಿಸುವ ಸಂಜೆ ಎಲ್ಲವೂ ಈ ಭಾನುವಾರಗಳ ಸುತ್ತ ಹೆಣೆದುಕೊಳ್ಳುವುದರಿಂದ, ಸುಮಾರು ಒಂದು ವಾರದ ಈ ವ್ಯತ್ಯಾಸ ಖರೀದಿಯ ಮೇಲೂ ಪರಿಣಾಮ ಬೀರುತ್ತದೆ.

ಅಲಂಕಾರದ ಸೀರಿಯಲ್ ದೀಪಗಳಿಂದ ಆರಂಭಿಸುತ್ತೇನೆ, ಏಕೆಂದರೆ ನಾಲ್ಕು ದಾರಿಗಳ ನಡುವಿನ ಅಂತರ ನನಗೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಅಲ್ಲಿ. ಪೇಟೆಯ ವಿದ್ಯುತ್ ಸಾಮಾನುಗಳ ಅಂಗಡಿಯವರು ಪೆಟ್ಟಿಗೆ ಬಿಚ್ಚಿ, ಸರವನ್ನು ಪ್ಲಗ್ಗಿಗೆ ಚುಚ್ಚಿ, ಎಲ್ಲ ಬಲ್ಬುಗಳೂ ಉರಿಯುವುದನ್ನು ತೋರಿಸಿದರು. ಅದಕ್ಕೂ ಮೊದಲೇ ಅವರು ಕೇಳಿದ್ದು ದೀಪವನ್ನು ಮನೆಯೊಳಗೆ ಹಾಕುತ್ತೀರೋ ಹೊರಗೋ ಎಂದು. ಹೊರಗೆ ಹಾಕುವುದಾದರೆ ಪೆಟ್ಟಿಗೆಯ ಮೇಲೆ ಕನಿಷ್ಠ ಐಪಿ 44 ಎಂಬ ಗುರುತು ಇರಬೇಕು. ಯಾವ ದಿಕ್ಕಿನಿಂದ ನೀರು ಎರಚಿದರೂ ಒಳಗಿನ ವಿದ್ಯುತ್ ಭಾಗಗಳಿಗೆ ಹಾನಿಯಾಗುವುದಿಲ್ಲ ಎಂಬುದು ಅದರ ಕೊನೆಯ ಅಂಕಿಯ ಅರ್ಥ. ದೊಡ್ಡ ಮಳಿಗೆಯಲ್ಲಿ ಅದೇ ಗುರುತಿನ ದೀಪ ಅಗ್ಗಕ್ಕೆ ಸಿಕ್ಕಿತು, ಆದರೆ ಮೊಹರು ಮಾಡಿದ ಪೆಟ್ಟಿಗೆಯನ್ನು ಬಿಚ್ಚಿ ನೋಡುವಂತಿರಲಿಲ್ಲ, ಕೇಳೋಣವೆಂದರೆ ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಸರದ ಚಿತ್ರದಲ್ಲಿ ದೀಪಗಳು ಅಂಗಳದ ಗಿಡದ ಮೇಲೆ ಹೊಳೆಯುತ್ತಿದ್ದವು, ಬಂದ ಪೆಟ್ಟಿಗೆಯ ಮೇಲೆ ಮಾತ್ರ ಒಳಾಂಗಣ ಬಳಕೆಗೆ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು.

ದೀಪಗಳ ಜೊತೆಗೆ ಬ್ಯಾಟರಿಯಿಂದ ಮಿನುಗುವ ಮೇಣದ ಬತ್ತಿಗಳ ಮಾತನ್ನೂ ಹೇಳಬೇಕು. ಇವುಗಳಲ್ಲಿ ಅನೇಕವು ಗುಂಡಿಯಾಕಾರದ ಚಿಕ್ಕ ಬ್ಯಾಟರಿಯಿಂದ ನಡೆಯುತ್ತವೆ, ಮತ್ತು ಅದನ್ನು ನುಂಗಿದ ಮಗುವಿನ ಅನ್ನನಾಳ ಕೆಲವೇ ಗಂಟೆಗಳಲ್ಲಿ ಸುಟ್ಟುಹೋಗುವ ಅಪಾಯವಿದೆ. ಅಮೆರಿಕ 2022ರಲ್ಲಿ ರೀಸ್ ಕಾಯ್ದೆಯನ್ನು ತಂದು, ಇಂಥ ಬ್ಯಾಟರಿಯ ಖಾನೆಯನ್ನು ಚಿಕ್ಕ ಮಕ್ಕಳು ತೆರೆಯಲು ಆಗದಂತೆ ಭದ್ರಪಡಿಸಬೇಕೆಂದು ವಿಧಿಸಿತು. ಅಂಗಡಿಯಲ್ಲಾಗಲಿ ಸಂತೆಯಲ್ಲಾಗಲಿ ವಸ್ತುವನ್ನು ತಿರುಗಿಸಿ ಖಾನೆಗೆ ಸ್ಕ್ರೂ ಇದೆಯೇ ಎಂದು ಕಣ್ಣಾರೆ ನೋಡಬಹುದು; ಆನ್‌ಲೈನ್ ಚಿತ್ರಗಳಲ್ಲಿ ತಳಭಾಗವನ್ನು ತೋರಿಸುವುದು ವಿರಳ. ಚಿಕ್ಕ ಮಕ್ಕಳಿರುವ ಮನೆಗೆ ಈ ವಸ್ತುವನ್ನು ನಾನು ಈಗ ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವುದಿಲ್ಲ.

ಪುಸ್ತಕದ ವಿಷಯದಲ್ಲಿ ಅಗ್ಗ ಎಲ್ಲಿ ಎಂಬ ಪ್ರಶ್ನೆಗೆ ದೇಶದ ಕಾನೂನೇ ಬಹುಪಾಲು ಉತ್ತರ ಕೊಡುತ್ತದೆ. ಫ್ರಾನ್ಸ್‌ನಲ್ಲಿ 1981ರ ಕಾನೂನು ಹೊಸ ಪುಸ್ತಕಕ್ಕೆ ಪ್ರಕಾಶಕರು ಗೊತ್ತುಮಾಡಿದ ಬೆಲೆಯ ಮೇಲೆ ಶೇ. 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವುದನ್ನು ತಡೆಯುತ್ತದೆ. ಜರ್ಮನಿಯಲ್ಲೂ 2002ರ ಕಾನೂನಿನ ಪ್ರಕಾರ ಹೊಸ ಪುಸ್ತಕದ ಬೆಲೆ ಎಲ್ಲ ಕಡೆ ಒಂದೇ. ಅಂಥ ಕಡೆ ಬೆಲೆಯ ಕಾರಣಕ್ಕೆ ಪೇಟೆಯ ಪುಸ್ತಕದಂಗಡಿಯನ್ನು ಬಿಟ್ಟುಹೋಗುವ ಅಗತ್ಯವೇ ಇಲ್ಲ. ಫ್ರಾನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2023ರ ಅಕ್ಟೋಬರ್‌ನಿಂದ 35 ಯೂರೋಗಿಂತ ಕಡಿಮೆ ಮೊತ್ತದ ಪುಸ್ತಕಗಳನ್ನು ಮನೆಗೆ ತಲುಪಿಸಲು ಕನಿಷ್ಠ 3 ಯೂರೋ ಸಾಗಣೆ ವೆಚ್ಚ ವಿಧಿಸಬೇಕೆಂದು ನಿಯಮ ಮಾಡಿದೆ. ಇಂಥ ಕಾನೂನು ಇಲ್ಲದ ಕಡೆ ಆನ್‌ಲೈನ್ ಅಗ್ಗವೆಂಬುದು ನಿಜ, ಅದನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ. ಆದರೂ ಉಡುಗೊರೆಯ ಪುಸ್ತಕಕ್ಕೆ ನಾನು ಅಂಗಡಿಯನ್ನೇ ಆರಿಸುತ್ತೇನೆ. ಹತ್ತು ವರ್ಷದ ಹುಡುಗಿ ಏನೇನು ಓದಿ ಮುಗಿಸಿದ್ದಾಳೆ ಎಂದು ಹೇಳಿದರೆ ಅದರ ಮುಂದಿನದನ್ನು ಕಪಾಟಿನಿಂದ ತೆಗೆದುಕೊಡುವ ಅಂಗಡಿಯವರ ಜ್ಞಾನಕ್ಕೆ, ಜನಪ್ರಿಯವಾದುದನ್ನೇ ಮತ್ತೆ ಮತ್ತೆ ಮುಂದೊಡ್ಡುವ ಪಟ್ಟಿಗಳು ಸಾಟಿಯಾಗಲಿಲ್ಲ.

ಸಣ್ಣ ಅಂಗಡಿಯ ದೊಡ್ಡ ಕೊರತೆಯೆಂದರೆ ದಾಸ್ತಾನು. ಡಿಸೆಂಬರ್‌ನಲ್ಲಿ ನಮಗೆ ಕಾಣುವ ಸರಕನ್ನು ಅಂಗಡಿಯವರು ತಿಂಗಳುಗಳ ಹಿಂದೆಯೇ ತಮ್ಮ ಅಂದಾಜಿನ ಮೇಲೆ ತರಿಸಿರುತ್ತಾರೆ, ಉಳಿದರೆ ನಷ್ಟ ಅವರದೇ ಆದ್ದರಿಂದ ಕೈಬಿಗಿಹಿಡಿದು ತರಿಸುತ್ತಾರೆ. ಮೂರನೆಯ ವಾರದಲ್ಲಿ ಹೋಗಿ, ಬೇಕಾದ ಅಳತೆಯ ಉಣ್ಣೆಯಂಗಿ ಇಲ್ಲವೆಂದು ದೂರುವುದು ನ್ಯಾಯವಲ್ಲ. ಆದರೆ ಇದೇ ಕೊರತೆ ಮೊದಲ ವಾರದಲ್ಲಿ ಬಹುಮಟ್ಟಿಗೆ ಇರುವುದೇ ಇಲ್ಲ: ಆಗ ಹೋಗಿ ಕೇಳಿದರೆ ಸಗಟು ವ್ಯಾಪಾರಿಯಿಂದ ತರಿಸಿಕೊಡಲು ಅವರಿಗೂ ಸಮಯವಿರುತ್ತದೆ, ಮುಂಗಡ ಕೊಟ್ಟರೆ ಇದ್ದುದನ್ನು ನಮ್ಮ ಹೆಸರು ಬರೆದು ತೆಗೆದಿಡುತ್ತಾರೆ. ಆನ್‌ಲೈನ್‌ನ ಮುಖ್ಯ ಬಲ ಆಯ್ಕೆಯ ವಿಸ್ತಾರವಾದರೆ, ಆ ಬಲವನ್ನು ಸಣ್ಣ ಅಂಗಡಿ ಬಹುಪಾಲು ಸರಿಗಟ್ಟುವುದು ಈ ಒಂದು ವಾರದಲ್ಲಿ.

ಉಡುಪಿನಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ, ಅದು ಅಳತೆ ಸರಿಬರದಿದ್ದರೆ ಹಿಂದಿರುಗಿಸುವುದು. ಐರೋಪ್ಯ ಒಕ್ಕೂಟದ ದೇಶಗಳಲ್ಲೂ ಬ್ರಿಟನ್‌ನಲ್ಲೂ ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕಾರಣ ಹೇಳದೆ ರದ್ದುಮಾಡಲು 14 ದಿನಗಳ ಹಕ್ಕಿದೆ, ಅಂಗಡಿಯಲ್ಲಿ ಸ್ವತಃ ನೋಡಿ ಕೊಂಡದ್ದಕ್ಕೆ ಈ ಹಕ್ಕಿಲ್ಲ. ಕಾಗದದ ಮೇಲೆ ಆನ್‌ಲೈನ್ ಗೆದ್ದಂತೆ ಕಾಣುತ್ತದೆ. ಆದರೆ ಆ 14 ದಿನಗಳ ಎಣಿಕೆ ವಸ್ತು ಕೈಸೇರಿದ ದಿನದಿಂದ ಶುರುವಾಗುತ್ತದೆ. ಡಿಸೆಂಬರ್ 5ರಂದು ಬಂದ ಅಂಗಿಯ ಅವಧಿ 19ಕ್ಕೇ ಮುಗಿದುಹೋಗುತ್ತದೆ, ಉಡುಗೊರೆ ಪಡೆದವರು ಅದನ್ನು ತೊಟ್ಟು ನೋಡುವುದು 25ರಂದು. ಹೆಸರು ಕಸೂತಿ ಮಾಡಿಸಿದಂಥ, ಒಬ್ಬರಿಗಾಗಿಯೇ ಮಾಡಿಸಿದ ವಸ್ತುಗಳಿಗಂತೂ ಆ ಹಕ್ಕೇ ಅನ್ವಯಿಸುವುದಿಲ್ಲ. ಅನೇಕ ಮಾರಾಟಗಾರರು ಹಬ್ಬಕ್ಕಾಗಿ ಅವಧಿಯನ್ನು ತಾವಾಗಿಯೇ ವಿಸ್ತರಿಸುತ್ತಾರಾದರೂ ಅದು ಅವರವರ ಷರತ್ತಿಗೆ ಬಿಟ್ಟದ್ದು, ಕೊಳ್ಳುವ ಮುನ್ನವೇ ಓದಿಕೊಳ್ಳಬೇಕು. ಪೇಟೆಯ ಬಟ್ಟೆ ಅಂಗಡಿಯಲ್ಲಿ ನಾನು ಕೇಳಿದಾಗ ಅವರು ರಸೀದಿಯ ಹಿಂಬದಿಯಲ್ಲಿ, ಹೊಸವರ್ಷ ಕಳೆದ ಮೇಲೂ ಬದಲಿಸಿಕೊಡಲಾಗುವುದು ಎಂದು ಬರೆದು ಸಹಿ ಹಾಕಿಕೊಟ್ಟರು. ಬಾಯಿಮಾತಿನ ಭರವಸೆಗಿಂತ ಹೀಗೆ ಬರೆಸಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ಆಟಿಕೆಗಳಲ್ಲಿ ದೊಡ್ಡ ಮಳಿಗೆಯ ಬೆಲೆಯನ್ನು ಪೇಟೆಯ ಅಂಗಡಿ ಮುಟ್ಟಲಾರದು. ಆದರೆ ಚಿಕ್ಕ ಊರಿನ ಆಟಿಕೆಯಂಗಡಿಯವರಿಗೆ, ಆ ಮಗುವಿಗೆ ಅದೇ ಕಟ್ಟಡದ ಸೆಟ್ಟನ್ನು ಅದರ ಅಜ್ಜಿ ಆಗಲೇ ಕೊಂಡೊಯ್ದಿದ್ದಾರೆ ಎಂಬುದು ಗೊತ್ತಿರುತ್ತದೆ, ಮತ್ತು ಅವರು ಅದನ್ನು ಹೇಳುತ್ತಾರೆ. ಸಮುದಾಯವೆಂಬುದು ಖರೀದಿಯಲ್ಲಿ ಪ್ರತ್ಯಕ್ಷವಾಗುವುದು ಹೀಗೆ, ಒಬ್ಬರ ಮನೆಯ ಅಗತ್ಯ ಇನ್ನೊಬ್ಬರ ನೆನಪಿನಲ್ಲಿ ಉಳಿದಿರುವುದರಿಂದ. ಉಡುಗೊರೆ ಸುತ್ತುವ ಕಾಗದ, ಅಂಟುಪಟ್ಟಿ, ಸಾಧಾರಣ ಬ್ಯಾಟರಿಗಳಂಥವನ್ನು ದೊಡ್ಡ ಮಳಿಗೆಯಿಂದಲೇ ಒಟ್ಟಿಗೆ ತರುವುದು ಸರಿ; ಅವುಗಳಲ್ಲಿ ಯಾರ ಸಲಹೆಯೂ ಬೇಕಿಲ್ಲ.

ಕ್ರಿಸ್ಮಸ್ ಸಂತೆಯನ್ನು ಉಳಿದ ಮೂರರ ಅಳತೆಗೋಲಿನಿಂದ ಅಳೆದರೆ ಅದಕ್ಕೆ ಅನ್ಯಾಯವಾಗುತ್ತದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ 1434ರಲ್ಲಿ ಆರಂಭವಾದ ಸ್ಟ್ರೀಟ್ಸೆಲ್‌ಮಾರ್ಕ್ಟ್ ಮೊದಲಿಗೆ ಒಂದೇ ದಿನದ ಸಂತೆಯಾಗಿತ್ತು. ಇಂದು ದೊಡ್ಡ ನಗರಗಳ ಇಂಥ ಸಂತೆಗಳು ವಾರಗಟ್ಟಲೆ ನಡೆದು ದೂರದ ಪ್ರವಾಸಿಗರನ್ನೂ ಸೆಳೆಯುತ್ತವೆ. ಸಣ್ಣ ಪಟ್ಟಣದ ಸಂತೆಯ ಸೊಗಸು ಅದು ಒಂದು ವಾರಾಂತ್ಯದಲ್ಲಿ ಮುಗಿದುಹೋಗುವುದರಲ್ಲಿ ಇದೆ. ಮರದ ಗೊಂಬೆಯನ್ನು ಕೆತ್ತಿದವರೇ ಮೇಜಿನ ಹಿಂದೆ ಕುಳಿತಿರುತ್ತಾರೆ, ಪಕ್ಕದ ಮೇಜಿನಲ್ಲಿ ಶಾಲೆಯ ವಾದ್ಯವೃಂದಕ್ಕೆ ಹಣ ಕೂಡಿಸುವ ಪೋಷಕರು ಹೆಣೆದ ಟೋಪಿಗಳನ್ನು ಹರಡಿಕೊಂಡಿರುತ್ತಾರೆ, ವರ್ಷವಿಡೀ ಮಾತಿಗೆ ಸಿಗದವರು ಅಲ್ಲಿ ಅರ್ಧ ಗಂಟೆ ನಿಂತು ಮಾತಾಡುತ್ತಾರೆ. ದೌರ್ಬಲ್ಯಗಳೂ ಇವೆ: ಮಳೆಯೋ ಹಿಮವೋ ಬಂದರೆ ಎಲ್ಲ ಅಸ್ತವ್ಯಸ್ತ, ಕೆಲವು ಮೇಜುಗಳಲ್ಲಿ ನಗದು ಮಾತ್ರ ನಡೆಯುತ್ತದೆ, ಮರುದಿನ ಹಿಂದಿರುಗಿಸಲು ಹೋದರೆ ಅಂಗಳ ಖಾಲಿ. ಕಾರ್ಖಾನೆಯ ಮಾಲನ್ನು ತಂದು ಕೈಕೆಲಸದಂತೆ ಇಟ್ಟವರೂ ನಡುವೆ ಇರುತ್ತಾರೆ. ಇದನ್ನು ಯಾವ ಮರದಿಂದ ಮಾಡಿದಿರಿ, ಎಷ್ಟು ಹೊತ್ತು ಹಿಡಿಯಿತು ಎಂದು ವಿಚಾರಿಸುವುದೇ ನಾನು ಕಂಡುಕೊಂಡ ಅತ್ಯುತ್ತಮ ಪರೀಕ್ಷೆ. ತಾವೇ ಮಾಡಿದವರು ಆ ಪ್ರಶ್ನೆಗೆ ಸಂತೋಷದಿಂದ ದೀರ್ಘವಾಗಿ ಉತ್ತರಿಸುತ್ತಾರೆ. ಅಳತೆಯ ಹಂಗಿಲ್ಲದ, ಹಿಂದಿರುಗಿಸುವ ಪ್ರಸಂಗ ಬಾರದ ಉಡುಗೊರೆಗಳಿಗೆ ಸಂತೆಗಿಂತ ಉತ್ತಮ ಜಾಗವನ್ನು ನಾನು ಕಂಡಿಲ್ಲ.

ವೇಳೆಯ ವಿಷಯದಲ್ಲಿ ದೊಡ್ಡ ಮಳಿಗೆಯೇ ಅನುಕೂಲವೆಂಬ ಭಾವನೆ ಸಾಮಾನ್ಯ, ಆದರೆ ಅದೂ ಎಲ್ಲ ಕಡೆ ನಿಜವಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1994ರ ಕಾನೂನಿನಂತೆ 280 ಚದರ ಮೀಟರ್‌ಗಿಂತ ದೊಡ್ಡ ಮಳಿಗೆಗಳು ಭಾನುವಾರ ಆರು ಗಂಟೆ ಮಾತ್ರ ತೆರೆದಿರಬಹುದು, ಸಣ್ಣ ಅಂಗಡಿಗಳಿಗೆ ಆ ಮಿತಿ ಇಲ್ಲ. ಬರ್ಲಿನ್ ನಗರ ಆಗಮನ ಕಾಲದ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಅನುಮತಿ ಕೊಟ್ಟಾಗ ಚರ್ಚುಗಳು ನ್ಯಾಯಾಲಯಕ್ಕೆ ಹೋದವು, ಮತ್ತು ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರ ಡಿಸೆಂಬರ್ 1ರಂದು ಆ ವ್ಯವಸ್ಥೆ ಭಾನುವಾರದ ವಿಶ್ರಾಂತಿಗೆ ಸಂವಿಧಾನ ಕೊಟ್ಟ ರಕ್ಷಣೆಗೆ ವಿರುದ್ಧವೆಂದು ತೀರ್ಪಿತ್ತಿತು. ಹಬ್ಬದ ಮುಂಚಿನ ವಾರಗಳು ಬರೀ ವ್ಯಾಪಾರಕ್ಕೆ ಸೇರಿದವಲ್ಲ ಎಂಬ ಆ ನಿಲುವು ನನಗೆ ಒಪ್ಪಿಗೆಯಾಗುತ್ತದೆ. ಕೌಂಟರಿನ ಹಿಂದೆ ನಿಲ್ಲುವವರಿಗೂ ಮನೆಯಿದೆ, ಮಕ್ಕಳಿದ್ದಾರೆ.

ಸ್ಥಳೀಯ ಅಂಗಡಿಗಳನ್ನು ಉಳಿಸಬೇಕೆಂಬ ಉದ್ದೇಶದಿಂದಲೇ ಮೀಸಲಾದ ದಿನವೂ ಇದೆ. ಅಮೆರಿಕದಲ್ಲಿ 2010ರಲ್ಲಿ ಕ್ರೆಡಿಟ್ ಕಾರ್ಡ್ ಕಂಪನಿಯಾದ ಅಮೆರಿಕನ್ ಎಕ್ಸ್‌ಪ್ರೆಸ್ ಆರಂಭಿಸಿದ ಸ್ಮಾಲ್ ಬಿಸಿನೆಸ್ ಸ್ಯಾಟರ್ಡೇ, ನವೆಂಬರ್ ಕೊನೆಯ ಭಾಗದ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ ಬರುತ್ತದೆ. ಬ್ರಿಟನ್‌ನಲ್ಲಿ 2013ರಿಂದ ಅದನ್ನು ಡಿಸೆಂಬರ್ ಮೊದಲ ಶನಿವಾರ ಆಚರಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಅಂಥ ದಟ್ಟಣೆಯ ದಿನದಲ್ಲಿ ಸಣ್ಣ ಅಂಗಡಿಯ ನಿಜವಾದ ಸಂಪತ್ತಾದ ಗಮನ ಮತ್ತು ಸಲಹೆ ಯಾರಿಗೂ ಸಾಕಷ್ಟು ಸಿಗುವುದಿಲ್ಲ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಹೋದ ಗಿರಾಕಿಗೆ ಅದು ಪೂರ್ತಿ ಸಿಗುತ್ತದೆ, ಮತ್ತು ಮುಂಚಿತವಾಗಿ ಬಂದ ಆ ಆರ್ಡರ್ ಅಂಗಡಿಯವರಿಗೂ ಏನನ್ನು ಎಷ್ಟು ತರಿಸಬೇಕೆಂಬ ಅಂದಾಜು ಕೊಡುತ್ತದೆ.

ದೂರದ ಬಂಧುಗಳಿಗೆ ಕಳಿಸುವ ಉಡುಗೊರೆಯಲ್ಲಿ ಆನ್‌ಲೈನ್ ನಿಸ್ಸಂದೇಹವಾಗಿ ಮುಂದು. ಅವರ ದೇಶದಲ್ಲೇ ಇರುವ ಮಾರಾಟಗಾರರಿಂದ ನೇರವಾಗಿ ಅವರ ಮನೆಗೆ ಹೋಗುವಂತೆ ಮಾಡಿದರೆ ಅಂತಾರಾಷ್ಟ್ರೀಯ ಅಂಚೆಯ ವೆಚ್ಚವೂ ಸುಂಕದ ಕಿರಿಕಿರಿಯೂ ಇಲ್ಲ. ಆದರೆ ಇಲ್ಲಿಯೂ ವಾರದ ಲೆಕ್ಕ ತಪ್ಪುವುದಿಲ್ಲ. ಡಿಸೆಂಬರ್ ಎರಡನೆಯ ವಾರ ದಾಟಿದ ಮೇಲೆ ತಲುಪುವ ದಿನಾಂಕವೆಂದು ಪರದೆಯ ಮೇಲೆ ತೋರಿಸುವುದು ಬರೀ ಅಂದಾಜು. ಪೊಟ್ಟಣ ಎಲ್ಲೋ ವಿಂಗಡಣೆಯ ಕೇಂದ್ರದಲ್ಲಿ ನಿಂತುಬಿಟ್ಟರೆ ಕೇಳಲು ಒಬ್ಬ ಮನುಷ್ಯ ಸಿಗುವುದು ಕಷ್ಟ. ಕೊನೆಯ ವಾರದಲ್ಲಿ, ನಮ್ಮದೇ ಊರಿನವರಿಗೆ ಕೊಡುವ ಯಾವುದೇ ವಸ್ತುವಿಗೆ ಪೇಟೆಯ ಅಂಗಡಿ ಮತ್ತೆ ಮೊದಲ ಸ್ಥಾನಕ್ಕೆ ಬರುತ್ತದೆ. ಆಯ್ಕೆ ಕಡಿಮೆ, ಬೆಲೆ ತುಸು ಹೆಚ್ಚು, ಆದರೆ ವಸ್ತು ಆ ಗಳಿಗೆಯಲ್ಲೇ ಕೈಯಲ್ಲಿರುತ್ತದೆ.

ನಡೆದಾಡಲು ಕಷ್ಟವಿರುವ ಹಿರಿಯರ ದೃಷ್ಟಿಯಿಂದ ನೋಡಿದಾಗ ಈ ಹೋಲಿಕೆ ಇನ್ನೊಂದು ತಿರುವು ಪಡೆಯುತ್ತದೆ. ಮನೆಬಾಗಿಲಿಗೆ ಬರುವ ಆನ್‌ಲೈನ್ ವ್ಯವಸ್ಥೆ ಅವರಿಗೆ ನಿಜವಾದ ಉಪಕಾರ, ಅವರು ಊರ ಅಂಗಡಿಗಳಿಗೇ ಹೋಗಬೇಕೆಂದು ಯಾರೂ ಒತ್ತಾಯಿಸಬಾರದು. ಹಾಗಿದ್ದೂ ನೆರೆಮನೆಯ ಹಿರಿಯರೊಬ್ಬರ ಪರವಾಗಿ ಪೇಟೆಯ ಅಂಗಡಿಗಳಿಗೆ ಫೋನ್ ಮಾಡಿ ಕೇಳಿದಾಗ, ಬಹುತೇಕ ಎಲ್ಲರೂ ವಸ್ತುಗಳನ್ನು ಕಟ್ಟಿ ಮನೆಗೆ ತಲುಪಿಸಲು ಒಪ್ಪಿದರು. ಆ ಸೌಲಭ್ಯದ ಬಗ್ಗೆ ಯಾವ ಅಂಗಡಿಯ ಬಾಗಿಲಲ್ಲೂ ಫಲಕ ಇರಲಿಲ್ಲ. ಸಣ್ಣ ಅಂಗಡಿಯವರು ಇದನ್ನು ನವೆಂಬರ್ ಮುಗಿಯುವ ಮೊದಲೇ ದೊಡ್ಡಕ್ಷರದಲ್ಲಿ ಬರೆದು, ಫೋನ್ ಸಂಖ್ಯೆಯ ಸಮೇತ ಚರ್ಚ್ ಮತ್ತು ಗ್ರಂಥಾಲಯದ ಸೂಚನಾ ಫಲಕಗಳಲ್ಲಿ ಹಾಕಿಸಬೇಕು.