ಆ್ಯಪ್ ಪ್ಲಂಬರ್, ವಾರ್ಷಿಕ ಪ್ಯಾಕೇಜ್, ಬಿಲ್ಡರ್ ವಾರಂಟಿ: ಬೆಂಗಳೂರಿನ ಫ್ಲಾಟಿಗೆ ಯಾವುದು ಎಷ್ಟು ಉಪಯೋಗ?

ಪ್ಲಂಬಿಂಗ್ ಬಿಲ್ ಏರುವುದು ಕೂಲಿಯಿಂದ ಎಂದು ಬಹಳ ಜನ ತಿಳಿದಿದ್ದಾರೆ. ಬಿಲ್ಲಿನ ಸಾಲುಗಳನ್ನು ಓದಿದರೆ ಬೇರೆಯೇ ಕಾಣುತ್ತದೆ. ಮುನ್ನೂರು ನಾನೂರು ರೂಪಾಯಿಯ ಕಾರ್ಟ್ರಿಡ್ಜ್ (ನಲ್ಲಿಯೊಳಗೆ ನೀರು ಬಿಡುವ, ತಡೆಯುವ ಬಿಡಿಭಾಗ) ಹಾಕಿದರೆ ಮುಗಿಯುತ್ತಿದ್ದ ಕಡೆ ಇಡೀ ಮಿಕ್ಸರ್, ಅಂದರೆ ಬಿಸಿನೀರು ತಣ್ಣೀರು ಬೆರೆಸುವ ನಲ್ಲಿಯೇ, ಬದಲಾಗಿರುತ್ತದೆ. ಆ ಮಿಕ್ಸರ್ ಮೇಲೆ ಕಂಪನಿಯ ವಾರಂಟಿ ಇನ್ನೂ ಉಳಿದಿರುವುದೂ ಉಂಟು.

ಮೊದಲು ಆ್ಯಪ್ ಸೇವೆ. ಅದರ ಒಳ್ಳೆಯ ಗುಣ ದರಪಟ್ಟಿ. ಆಂಗಲ್ ಕಾಕ್ (ಗೋಡೆಯಿಂದ ಬರುವ ನೀರನ್ನು ನಿಲ್ಲಿಸುವ ಸಣ್ಣ ವಾಲ್ವ್) ಬದಲಿಸಲು ಇಷ್ಟು, ಹೆಲ್ತ್ ಫಾಸೆಟ್ ಹಾಕಲು ಇಷ್ಟು ಎಂದು ಮೊದಲೇ ಗೊತ್ತಾಗುತ್ತದೆ, ರಸೀದಿ ಸಿಗುತ್ತದೆ. ಏನು ಕೆಟ್ಟಿದೆ ಎಂದು ನಿಮಗೇ ಗೊತ್ತಿದ್ದರೆ ಇದು ಸಲೀಸು. ಗೊತ್ತಿಲ್ಲದಿದ್ದರೆ ತೊಂದರೆ ಅಲ್ಲೇ ಶುರು. ಪಟ್ಟಿಯಲ್ಲಿ ‘ನಲ್ಲಿ ರಿಪೇರಿ’ ಬೇರೆ, ‘ನಲ್ಲಿ ಬದಲಾವಣೆ’ ಬೇರೆ. ಬಂದವರ ಚೀಲದಲ್ಲಿ ನಿಮ್ಮ ಬ್ರಾಂಡಿನ ಬಿಡಿಭಾಗ ಇರುವುದು ಅಪರೂಪ; ಮುಂದಿನ ಬುಕಿಂಗ್‌ಗೆ ಹೊತ್ತಾಗುತ್ತಿರುತ್ತದೆ. ಹಾಗಾಗಿ ಬದಲಾವಣೆಯೇ ಅವರಿಗೆ ಸುಲಭ. ಇದರಲ್ಲಿ ಮೋಸಕ್ಕಿಂತ ಅವಸರ ಹೆಚ್ಚು, ಆದರೆ ದುಡ್ಡು ಹೋಗುವುದು ನಿಮ್ಮದೇ.

ಒಂದೇ ಹಿಡಿಯ ಸಿಂಗಲ್ ಲಿವರ್ ಮಿಕ್ಸರ್ ತೊಟ್ಟಿಕ್ಕಿದರೆ ಒಳಗಿನ ಸೆರಾಮಿಕ್ ಕಾರ್ಟ್ರಿಡ್ಜ್ ಸವೆದಿದೆ, ಇಲ್ಲವೇ ಅದರಲ್ಲಿ ಮರಳಿನ ಕಣ ಸಿಕ್ಕಿದೆ ಎಂದು ಅರ್ಥ. ಸಾಮಾನ್ಯ ಅಳತೆ 35 ಮತ್ತು 40 ಮಿ.ಮೀ. ಅಳತೆ ಸರಿಯಿದ್ದರೂ ತಳದ ಆಕಾರ, ಮೇಲಿನ ಕಡ್ಡಿಯ ಉದ್ದ ಬೇರೆಯಾಗಿರಬಹುದು. ಆದ್ದರಿಂದ ಹಳೆಯದನ್ನು ಬಿಚ್ಚಿ ಕೈಯಲ್ಲೇ ಅಂಗಡಿಗೆ ಒಯ್ಯಬೇಕು. ಫೋಟೋ ತೋರಿಸಿ ತಂದದ್ದು ಅರ್ಧಕ್ಕರ್ಧ ಕೂರುವುದಿಲ್ಲ. ಕಾಲು ಸುತ್ತು ತಿರುಗಿಸಿದರೆ ತೆರೆಯುವ ನಲ್ಲಿಗೂ ಹೀಗೆಯೇ: ಹಿಡಿಯ ಕೆಳಗೆ ತಿರುಗುವ ಸ್ಪಿಂಡಲ್ ಮಾತ್ರ ಬದಲಿಸಿದರೆ ಸಾಕು, ಹಿಡಿ ಕೂರುವ ಹಲ್ಲುಗಳ ಸಂಖ್ಯೆ ಮಾತ್ರ ಹೊಂದಬೇಕು.

ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವ, ಗೋಡೆಯೊಳಗಿನ ಡೈವರ್ಟರ್ ಸೋರಿದಾಗ ‘ಟೈಲ್ಸ್ ಒಡೆಯಬೇಕು ಸಾರ್’ ಎಂಬ ಮಾತು ಕೇಳಿದರೆ ಅಲ್ಲೇ ತಡೆಯಿರಿ. ಬಹುತೇಕ ಡೈವರ್ಟರ್‌ಗಳಲ್ಲಿ ಹಿತ್ತಾಳೆಯ ದೇಹ ಗೋಡೆಯಲ್ಲೇ ಉಳಿಯುತ್ತದೆ. ಹಿಡಿ ಮತ್ತು ಮುಂದಿನ ತಟ್ಟೆ ತೆಗೆದರೆ ಕಾರ್ಟ್ರಿಡ್ಜ್ ಎದುರಿನಿಂದಲೇ ಹೊರಬರುತ್ತದೆ. ಗೋಡೆ ಒಡೆಯಬೇಕಾದ್ದು ದೇಹವೇ ಬಿರುಕು ಬಿಟ್ಟರೆ, ಇಲ್ಲವೇ ಪೈಪಿನ ಜೋಡಣೆ ಕಳಚಿದರೆ ಮಾತ್ರ.

ನೀರು ಸಣ್ಣಗೆ ಬರುತ್ತಿದೆ ಎಂಬ ದೂರಿಗೆ ಬಹಳ ಸಲ ಪ್ಲಂಬರೇ ಬೇಕಿಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಬವಣೆ ಎದ್ದಾಗ ಜಲಮಂಡಳಿ ಹೋಟೆಲು, ಮಾಲ್‌ಗಳಂಥ ಕಡೆ ನಲ್ಲಿಗೆ ಏರೇಟರ್ (ಬಾಯಿಗೆ ಹಾಕುವ, ನೀರು ಉಳಿಸುವ ಜಾಲರಿ) ಕಡ್ಡಾಯ ಮಾಡಿತು. ಮನೆಗಳಲ್ಲೂ ಅನೇಕರು ಹಾಕಿಸಿಕೊಂಡರು. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಸುಣ್ಣ ಮೊದಲು ಕಟ್ಟುವುದು ಆ ಜಾಲರಿಯಲ್ಲೇ. ಕುಡಿಯುವ ನೀರಿನ ಗಡಸುತನ, ಅಂದರೆ ಕರಗಿದ ಸುಣ್ಣದಂಥ ಲವಣ, ಲೀಟರಿಗೆ 200 ಮಿ.ಗ್ರಾಂ. ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಎನ್ನುತ್ತದೆ ಐಎಸ್ 10500 ಮಾನದಂಡ. ನಗರದ ಎಷ್ಟೋ ಕೊಳವೆಬಾವಿಗಳಲ್ಲಿ 200 ದಾಟುವುದು ದೊಡ್ಡ ಮಾತೇ ಅಲ್ಲ. ಬಟ್ಟೆ ಸುತ್ತಿ ಏರೇಟರ್ ತಿರುಗಿಸಿ ತೆಗೆದು, ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಸಿ, ಹಳೇ ಬ್ರಷ್‌ನಿಂದ ಉಜ್ಜಿದರೆ ಸಾಕು.

ಕಮೋಡಿನ ಸಿಸ್ಟರ್ನ್ (ಫ್ಲಶ್ ಟ್ಯಾಂಕು) ಸದ್ದಿಲ್ಲದೆ ಸೋರುತ್ತಿದೆಯೇ ಎಂದು ತಿಳಿಯಲು ಅದರೊಳಗೆ ಅಡುಗೆಯ ಬಣ್ಣ ನಾಲ್ಕು ಹನಿ ಹಾಕಿ, 20 ನಿಮಿಷ ಫ್ಲಶ್ ಮಾಡಬೇಡಿ. ಬಣ್ಣ ಕೆಳಗೆ ಇಳಿದರೆ ತಳದ ರಬ್ಬರ್ ಸೀಲ್ ಹೋಗಿದೆ. ಸೀಲ್ ಬಿಡಿಯಾಗಿ ಸಿಗುತ್ತದೆ. ಇಡೀ ಫಿಟ್ಟಿಂಗ್ ಸೆಟ್ ಹಾಕಿಸುವ ಮುನ್ನ ಕೇಳಿ ನೋಡಿ. ಇನ್ನು ಗೀಸರ್ ಕಾಯುವಾಗ ಸೇಫ್ಟಿ ವಾಲ್ವಿನಿಂದ ನಾಲ್ಕು ಹನಿ ಬಿದ್ದರೆ ಅದು ಕೆಟ್ಟಿಲ್ಲ, ಕಾದು ಹಿಗ್ಗಿದ ನೀರು ಹೊರಬರುತ್ತಿದೆ ಅಷ್ಟೇ. ಅದನ್ನು ಮುಚ್ಚಿಸುವುದು ಅಪಾಯ.

ದುಡ್ಡು ನಿಜವಾಗಿ ಹರಿದುಹೋಗುವುದು ಕೆಳಮನೆಯ ಸೀಲಿಂಗ್ ಒದ್ದೆಯಾದಾಗ. ಆ್ಯಪ್ ಸೇವೆ ಇಲ್ಲಿ ಬಹಳ ದುರ್ಬಲ, ಏಕೆಂದರೆ ಮೂಲ ಹುಡುಕಲು ಎರಡು ಮೂರು ದಿನ ಬೇಕು, ಅವರದು ಗಂಟೆಯ ಲೆಕ್ಕ. ಹುಡುಕುವ ಕೆಲಸ ನೀವೇ ಮಾಡಬಹುದು. ರಾತ್ರಿಯಿಡೀ ಆ ಬಾತ್‌ರೂಮಿನ ಮುಖ್ಯ ವಾಲ್ವ್ ಮುಚ್ಚಿ. ಹನಿ ಕಡಿಮೆಯಾದರೆ ಹೆಚ್ಚಾಗಿ ಸೋರುತ್ತಿರುವುದು ನಲ್ಲಿಗೆ ನೀರು ತರುವ ಒತ್ತಡದ ಪೈಪೇ. ಮರುದಿನ ಗೀಸರಿಗೆ ಹೋಗುವ ವಾಲ್ವ್ ಒಂದನ್ನೇ ಮುಚ್ಚಿ ನೋಡಿದರೆ ಬಿಸಿನೀರಿನದೋ ತಣ್ಣೀರಿನದೋ ಗೊತ್ತಾಗುತ್ತದೆ. ಏನೂ ಬದಲಾಗದಿದ್ದರೆ ನೆಲ ಒದ್ದೆ ಮಾಡದೆ ಒಂದು ಬಕೆಟ್ ನೀರನ್ನು ನೇರ ನಹಾನಿ ಟ್ರಾಪಿಗೆ (ನೆಲದ ನೀರು ಹೋಗುವ ಬಾಯಿಗೆ) ಸುರಿಯಿರಿ; ಕೆಳಗೆ ಹನಿ ಹೆಚ್ಚಾದರೆ ಹೊರಹೋಗುವ ಪೈಪು. ಅದೂ ಅಲ್ಲವೆಂದರೆ ಟ್ರಾಪಿಗೆ ಬಿರಡೆ ಹಾಕಿ ನೆಲದ ಮೇಲೆ ಒಂದಿಂಚು ನೀರು 24 ಗಂಟೆ ನಿಲ್ಲಿಸಿ. ಆಗ ಹೆಚ್ಚಾದರೆ ವಾಟರ್‌ಪ್ರೂಫಿಂಗ್ ಸೋತಿದೆ ಅಥವಾ ಟ್ರಾಪಿನ ಸುತ್ತಲಿನ ಸಂದಿ ಬಿಟ್ಟಿದೆ. ಈ ನಾಲ್ಕರಲ್ಲಿ ಯಾವುದೆಂದು ತಿಳಿಯದೆ ‘ಇಡೀ ಬಾತ್‌ರೂಮ್ ಗ್ರೌಟಿಂಗ್’ (ಟೈಲ್ಸ್ ಸಂದಿ ತುಂಬುವ ಕೆಲಸ) ಒಪ್ಪಿಕೊಂಡರೆ ದುಡ್ಡೂ ಹೋಯಿತು, ಸೋರಿಕೆಯೂ ಉಳಿಯಿತು.

ಇದೇ ಸೋರಿಕೆಗೆ ವಾರ್ಷಿಕ ಪ್ಯಾಕೇಜ್ ತೆಗೆದುಕೊಳ್ಳುವವರಿದ್ದಾರೆ. ಷರತ್ತುಗಳ ಪುಟದ ಕೊನೆಯಿಂದ ಓದಲು ಶುರು ಮಾಡಿ. ಗೋಡೆಯೊಳಗಿನ ಪೈಪು, ಸಿವಿಲ್ ಕೆಲಸ, ಪ್ಯಾಕೇಜಿಗೂ ಮುಂಚಿನ ದೋಷ, ಬಿಡಿಭಾಗದ ಬೆಲೆ ಸಾಮಾನ್ಯವಾಗಿ ಎಲ್ಲವೂ ಹೊರಗೆ. ಉಳಿಯುವುದು ಕೆಲವು ಭೇಟಿಗಳ ಕೂಲಿ. ವರ್ಷಕ್ಕೆ ಎರಡು ಮೂರು ಸಲ ನಲ್ಲಿ ರಿಪೇರಿ ಇರುವ ಮನೆಗೆ ಇದು ಗಿಟ್ಟುವುದಿಲ್ಲ. ಬಾಡಿಗೆಗೆ ಕೊಟ್ಟು ಊರ ಹೊರಗಿರುವ ಮಾಲೀಕರಿಗೆ ಮಾತ್ರ ಸ್ವಲ್ಪ ಅನುಕೂಲ.

ಅದಕ್ಕಿಂತ ಗಟ್ಟಿಯಾದ ಬಿಲ್ಡರ್ ವಾರಂಟಿ ದುಡ್ಡು ಕೊಡದೆಯೇ ಇದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಕಲಮಿನ ಪ್ರಕಾರ, ಮನೆ ವಶಕ್ಕೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆ, ಕೆಲಸಗಾರಿಕೆ, ಗುಣಮಟ್ಟ ಅಥವಾ ಸೌಲಭ್ಯಗಳ ದೋಷವನ್ನು ಬಿಲ್ಡರ್ ಗಮನಕ್ಕೆ ತಂದರೆ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ಇಲ್ಲದಿದ್ದರೆ ಪರಿಹಾರ ಕೇಳಬಹುದು. ಫೋನಿನಲ್ಲಿ ಹೇಳಿದ್ದಕ್ಕೆ ಪುರಾವೆ ಇಲ್ಲ. ಫೋಟೋ, ಮೇಲಿನ ಪರೀಕ್ಷೆಗಳ ದಿನಾಂಕ, ಫ್ಲಾಟ್ ಸಂಖ್ಯೆ ಹಾಕಿ ಇಮೇಲ್ ಕಳಿಸಿ. ಅದಕ್ಕೂ ಮುಂಚೆ ಹೊರಗಿನ ಪ್ಲಂಬರ್ ಕೈಯಲ್ಲಿ ಟೈಲ್ಸ್ ಒಡೆಸಿದರೆ ‘ನೀವೇ ಕೆಡಿಸಿದ್ದು’ ಎನ್ನಲು ದಾರಿ ಮಾಡಿಕೊಟ್ಟಂತೆ.

ನಲ್ಲಿ ಕಂಪನಿಗಳ ವಾರಂಟಿ ಬ್ರಾಂಡಿನ ಮೇಲೆ ಹಲವು ವರ್ಷ ಇರುತ್ತದೆ, ಬಿಲ್ ಕೇಳುತ್ತಾರೆ. ಆಸಿಡ್ ಹಾಕಿ ತೊಳೆದು ಹೊಳಪು ಹೋದದ್ದಕ್ಕೆ, ಸುಣ್ಣ ಕಟ್ಟಿದ್ದಕ್ಕೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ವಿಮೆಯ ಮಾತು ಬಂದರೆ, 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೀರಿನ ಟ್ಯಾಂಕು, ಪೈಪು ಒಡೆದು ಅಥವಾ ಉಕ್ಕಿ ಆದ ಹಾನಿ ಸೇರಿದೆ. ವರ್ಷಗಟ್ಟಲೆ ಒಸರಿ ಕಲೆಯಾದ ಗೋಡೆಗೆ ಅದನ್ನು ನಂಬಿ ಕೂರಬೇಡಿ.

ಬಿಚ್ಚಿದ ಹಳೆಯ ಭಾಗ ವಾಪಸ್ ಕೇಳಿ, ಬಿಲ್ಲಿನಲ್ಲಿ ಕೂಲಿ ಬೇರೆ ಸಾಮಾನು ಬೇರೆ ಬರೆಸಿ. ಒಪ್ಪಿದ ದರಕ್ಕಿಂತ ಹೆಚ್ಚು ಕಿತ್ತು ಆ್ಯಪ್‌ನವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.