ಅರೇಬಿಕಾ ಕಾಫಿಯ ಮರುನಾಟಿಗೆ ಎಸ್.795 ತಳಿಯೋ, ಚಂದ್ರಗಿರಿಯೋ?
ಮಡಿಕೇರಿ ಸುತ್ತಲಿನ ತೋಟಕ್ಕೆ ಹಳೆಯ ಎಸ್.795 ತಳಿಯನ್ನು ಆಯ್ದುಕೊಳ್ಳಬೇಕೋ, 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿಯನ್ನೋ ಎಂದು ಕೇಳುವವರು ಮೊದಲು ಎಲೆ ತುಕ್ಕು ರೋಗವನ್ನು ಗಮನಿಸಬೇಕು. ದಶಕಗಳ ಬೇಸಾಯದಲ್ಲಿ ಎಸ್.795ರ ನಿರೋಧಕ ಶಕ್ತಿ ಕುಗ್ಗಿದೆ. ಆದ್ದರಿಂದ ಮುಂಗಾರಿಗೆ ಮುನ್ನವೂ ಮಳೆ ಬಿಟ್ಟ ಮೇಲೂ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಸಿಂಪಡಿಸುವ ಖರ್ಚು, ಕೂಲಿಯಾಳುಗಳ ಅಭಾವವಿರುವ ಈ ದಿನಗಳಲ್ಲಂತೂ, ಸಣ್ಣದಲ್ಲ. ಚಂದ್ರಗಿರಿಗೆ ಆ ಕಾಟ ಕಡಿಮೆ, ಗಿಡ ಗಿಡ್ಡವಾದ್ದರಿಂದ ಕೊಯ್ಲೂ ಸುಲಭ. ಆದರೆ ಭಾರಿ ಫಸಲು ಹೊರುವ ಅದಕ್ಕೆ ಗೊಬ್ಬರದಲ್ಲಿ ಜಿಪುಣತನ ಸಲ್ಲದು.

ಬಿಸಿಲಿದ್ದಲ್ಲಿ ಹೆಚ್ಚುವ ಬಿಳಿ ಕಾಂಡಕೊರಕ ಹುಳು ಎರಡನ್ನೂ ಬಿಡದು, ಹಾಗಾಗಿ ನೆರಳು ಎರಡಕ್ಕೂ ಬೇಕೇ ಬೇಕು. ಸ್ವಾದದಲ್ಲಿ ನನ್ನ ಒಲವು ಎಸ್.795ರ ಕಡೆಗೇ. ರುಚಿ ನೋಡಿ ಬೆಲೆ ಕೊಡುವ ಖರೀದಿದಾರರಿದ್ದರೆ, ಹಳೆಯ ಎಸ್.795 ಗಿಡಗಳ ನಡುವೆ ಸತ್ತವುಗಳ ಜಾಗವನ್ನಷ್ಟೇ ತುಂಬುವುದಿದ್ದರೆ, ಅದೇ ಸರಿ. ತೋಟದ ಇಡೀ ಪಟ್ಟಿಯನ್ನು ಹೊಸದಾಗಿ ನೆಡುವವರಿಗೆ, ಆಳುಗಳು ಸಿಗದವರಿಗೆ ಚಂದ್ರಗಿರಿ ಒಗ್ಗುತ್ತದೆ.